ಬೆನ್ನುನೋವು ಎಂಬ ಮರ್ಯಾದೆಯ ಕಾರಣ

ಬೈಲಹೊಂಗಲದ ಕಡೆಯ ನಮ್ಮೂರಿಗೆ ಕಾಕಾ ಸೇನೆಯಿಂದ ಅವಧಿಗೆ ಮುಂಚೆಯೇ ಮರಳಿದಾಗ, ‘ಬೆನ್ನುನೋವಿಗೆ ಬೋರ್ಡ್ ಔಟ್ ಮಾಡಿದರು’ ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಅವರು ರಾತ್ರಿಯಿಡೀ ಎದ್ದು ಕೂತಿರುತ್ತಿದ್ದ ವಿಷಯ ಮನೆಯ ಹೊಸ್ತಿಲು ದಾಟಲಿಲ್ಲ. ಈಚೆಗೆ ದೆಹಲಿಯ ಬಾಡಿಗೆ ಕೋಣೆಯಲ್ಲಿ ಪ್ಯಾಟ್ ಬಾರ್ಕರ್ ಅವರ ‘ರಿಜನರೇಶನ್’ (1991) ಕಾದಂಬರಿ ಓದುವಾಗ ಆ ಬೆನ್ನುನೋವು ಮತ್ತೆ ನೆನಪಾಯಿತು.

ಕಥೆ 1917ರದು. ಶೌರ್ಯಪದಕ ಪಡೆದ ಅಧಿಕಾರಿ, ಕವಿ ಸೀಗ್‌ಫ್ರೀಡ್ ಸಸೂನ್ ಯುದ್ಧವನ್ನು ಬೇಕೆಂದೇ ಮುಂದುವರಿಸುತ್ತಿದ್ದಾರೆಂದು ಬಹಿರಂಗವಾಗಿ ಪ್ರತಿಭಟಿಸಿದ. ಕೋರ್ಟ್ ಮಾರ್ಷಲ್ ನಡೆದಿದ್ದರೆ ಅವನ ಮಾತನ್ನು ಜನ ಕೇಳುತ್ತಿದ್ದರು. ಅದರ ಬದಲು ವೈದ್ಯಕೀಯ ಮಂಡಳಿ ಅವನನ್ನು ಮನೋರೋಗಿಯೆಂದು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳಿಸಿತು. ಇದು ಚರಿತ್ರೆ. ಅಲ್ಲಿಯ ಡಾ. ರಿವರ್ಸ್ ಕೂಡ ನಿಜ ವ್ಯಕ್ತಿಯೇ. ನೀಲಗಿರಿಯ ತೋಡರ ಬಗ್ಗೆ 1906ರಲ್ಲಿ ಗ್ರಂಥ ಪ್ರಕಟಿಸಿದವನು. ರಿವರ್ಸ್ ಗದರುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಆದರೆ ಅವನ ಕೆಲಸ ಗುಣವಾದವರನ್ನು ಮತ್ತೆ ಯುದ್ಧಕ್ಕೆ ಕಳಿಸುವುದು.

ಕಾದಂಬರಿಯ ಶಕ್ತಿ ಇರುವುದು ಅದು ತೋರಿಸುವ ಮೂರು ಬಿಡುಗಡೆಗಳಲ್ಲಿ. ಕೊಳೆತ ಹೆಣದ ಮೇಲೆ ಬಿದ್ದಂದಿನಿಂದ ಬರ್ನ್ಸ್‌ಗೆ ತುತ್ತು ಇಳಿಯುವುದಿಲ್ಲ. ಅವನನ್ನು ಸೇನೆ ಬಿಡುತ್ತದೆ, ಯುದ್ಧ ಬಿಡುವುದಿಲ್ಲ. ಮಾತು ಕಳೆದುಕೊಂಡು ಬಂದ ಪ್ರಯರ್‌ನನ್ನು ಮಂಡಳಿ ರಣರಂಗದಿಂದ ತಪ್ಪಿಸುವುದು ಆಸ್ತಮಾದ ಕಾರಣಕ್ಕೆ. ಎದೆಯ ರೋಗಕ್ಕೆ ಇರುವ ಮರ್ಯಾದೆ ಮನಸ್ಸಿನದಕ್ಕೆ ಇಲ್ಲ. ಹಾಗಿದ್ದೂ ಅವನಿಗೆ ನಾಚಿಕೆ ತಪ್ಪುವುದಿಲ್ಲ. ಸಸೂನ್‌ಗೆ ಸಿಗುವುದು ಆಸ್ಪತ್ರೆಯಿಂದ ಮಾತ್ರ ಬಿಡುಗಡೆ. ಅವನು ಕರ್ತವ್ಯಕ್ಕೆ ಮರಳಬಹುದೆಂದು ರಿವರ್ಸ್ ಕಡತದಲ್ಲಿ ಬರೆಯುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಯಾರಿಗೆ ಹುಚ್ಚು, ಯಾರು ಗುಣವಾದರು ಎಂಬುದನ್ನು ಇಲ್ಲಿ ಸೇನೆಯ ಅಗತ್ಯವೂ ಸೇರಿ ನಿರ್ಧರಿಸುತ್ತದೆ. ಬಾರ್ಕರ್ ಇದನ್ನು ಭಾಷಣ ಮಾಡದೆ, ಒಳ್ಳೆಯ ವೈದ್ಯನೊಬ್ಬನ ಸಂಕಟದ ಮೂಲಕ ಹೇಳುತ್ತಾರೆ.

ನನ್ನ ತಕರಾರೂ ಇಲ್ಲಿಯೇ. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳ ಆಸ್ಪತ್ರೆ. ಲಂಡನ್ನಿನಲ್ಲಿ ಮಾತು ಬರಿಸಲೆಂದು ವಿದ್ಯುತ್ ಆಘಾತ ತಿನ್ನುವ ಸಾಮಾನ್ಯ ಸೈನಿಕನನ್ನು ನಾವು ರಿವರ್ಸ್‌ನ ಕಣ್ಣಿನಿಂದ ನೋಡುತ್ತೇವೆಯೇ ಹೊರತು ಅವನ ಒಳಗು ತಿಳಿಯುವುದಿಲ್ಲ. ಬರ್ನ್ಸ್‌ನ ಮನೆಯಲ್ಲಿ ಕೆಲವು ದಿನ ಕಳೆದು ಕಥೆಯೂ ಅಲ್ಲಿಂದ ಹೊರಡುತ್ತದೆ. ಬಿಡುಗಡೆಯಾಗಿ ಬಂದವನ ಪಕ್ಕದಲ್ಲಿ ವರ್ಷಗಟ್ಟಲೆ ಎದ್ದು ಕೂತವರ ಪಾಡು ಪುಸ್ತಕದ ಹೊರಗೇ ಉಳಿಯುತ್ತದೆ.

ಓದಿ ಮುಗಿಸಿ ಚಿಗವ್ವನಿಗೆ ಫೋನ್ ಮಾಡಿದೆ. ಕಾಕಾ ತೀರಿ ಬಹಳ ವರ್ಷವಾಯಿತು. ಈಗಲಾದರೂ ಕೇಳಬಹುದು ಅನ್ನಿಸಿತ್ತು. ‘ಕಾಕಾಗ ನಿದ್ದಿ ಬರತಿರಲಿಲ್ಲಲ್ಲ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆನ್ನು ಭಾಳ ನೋಯತಿತ್ತಪಾ’ ಎಂದಳು. ಬಾರ್ಕರ್ ಬಿಟ್ಟ ಆ ಮನೆಯ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ಅಲ್ಲಿಯವರೆಗೆ ‘ರಿಜನರೇಶನ್’ ಓದಿ, ನಿಮ್ಮ ಮನೆಯಲ್ಲೂ ಇಂಥ ಬೆನ್ನುನೋವು ಇದ್ದಿರಬಹುದು.