ಪರದೆಯಾಚೆಯ ಸಹಿ: ಸುಜಾತಾ ಮ್ಯಾಸಿಯ ಐತಿಹಾಸಿಕ ಪತ್ತೇದಾರಿ ಕಾದಂಬರಿಗಳು

ಮೂವರು ವಿಧವೆಯರು ತಮ್ಮ ಪಾಲಿನ ಆಸ್ತಿಯನ್ನೆಲ್ಲ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟಿರುವ ಪತ್ರಗಳು 1921ರ ಮುಂಬಯಿಯ ವಕೀಲರ ಕಚೇರಿಯೊಂದಕ್ಕೆ ಬರುತ್ತವೆ. ಒಂದು ಪತ್ರದಲ್ಲಿ ಸಹಿಯ ಜಾಗದಲ್ಲಿರುವುದು ಬರಿಯ ಕತ್ತರಿ ಗುರುತು. ಓದಲಾರದವಳು ಯಾವುದಕ್ಕೆ ಒಪ್ಪಿಗೆಯಿತ್ತಳು? ಪತ್ರದ ಅರ್ಥವನ್ನು ಅವಳಿಗೆ ಹೇಳಿದವರು ಯಾರು? ಸುಜಾತಾ ಮ್ಯಾಸಿಯವರ 'ದ ವಿಡೋಸ್ ಆಫ್ ಮಲಬಾರ್ ಹಿಲ್' (2018) ಕಾದಂಬರಿಯಲ್ಲಿ ಕೊಲೆ ನಡೆಯುವುದಕ್ಕೂ ಮೊದಲೇ ಪತ್ತೇದಾರಿಕೆ ಈ ಪ್ರಶ್ನೆಗಳಿಂದ ಆರಂಭವಾಗುತ್ತದೆ.

ಭಾರತೀಯ ತಂದೆ, ಜರ್ಮನ್ ತಾಯಿಗೆ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮ್ಯಾಸಿ, ಬಾಲ್ಟಿಮೋರಿನ 'ಈವ್ನಿಂಗ್ ಸನ್' ಪತ್ರಿಕೆಯ ವರದಿಗಾರ್ತಿಯಾಗಿದ್ದವರು. ಅವರ ನಾಯಕಿ ಪರ್ವೀನ್ ಮಿಸ್ತ್ರಿ, ತಂದೆಯ ಕಚೇರಿಯಲ್ಲಿ ದುಡಿಯುವ ಪಾರ್ಸಿ ವಕೀಲೆ. ಈ ಪಾತ್ರದ ಹಿಂದೆ ಇಬ್ಬರು ಚಾರಿತ್ರಿಕ ಮಹಿಳೆಯರಿದ್ದಾರೆ. ಒಬ್ಬರು ಆಕ್ಸ್‌ಫರ್ಡಿನಲ್ಲಿ ಕಾನೂನು ಕಲಿತ ಮೊದಲ ಮಹಿಳೆ ಕಾರ್ನೇಲಿಯಾ ಸೊರಾಬ್ಜಿ. ಇನ್ನೊಬ್ಬರು ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆಗಿಳಿದ ಮೊದಲ ಮಹಿಳೆ ಮಿಥನ್ ಟಾಟಾ ಲಾಮ್. ಭಾರತದಲ್ಲಿ ಮಹಿಳೆಯರಿಗೆ ವಕೀಲ ವೃತ್ತಿಯನ್ನು ಮುಕ್ತಗೊಳಿಸಿದ ಕಾಯಿದೆ ಬಂದದ್ದು 1923ರಲ್ಲಿ. ನ್ಯಾಯಾಲಯದಲ್ಲಿ ವಾದಿಸಲು ಅವಕಾಶವಿಲ್ಲದ ಪರ್ವೀನಳಿಗೆ ಪುರುಷ ವಕೀಲರಿಗಿಲ್ಲದ ಒಂದು ಪ್ರವೇಶವಿದೆ: ಅವಳು ಪರದೆಯೊಳಗೆ ಹೋಗಬಲ್ಲಳು. ಅಲ್ಲಿ ಅವಳು ಮಾಡುವುದು ವರದಿಗಾರ್ತಿಯ ಕೆಲಸವನ್ನೇ. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡಿಸುವುದು, ಮಾತುಗಳನ್ನು ತಾಳೆ ನೋಡುವುದು, ಎಲ್ಲರ ಪರವಾಗಿಯೂ ಮಾತನಾಡುವ ಮನೆಯ ಗಂಡಸನ್ನು ಶಂಕಿಸುವುದು. ಪತ್ರಿಕಾವೃತ್ತಿ ಮ್ಯಾಸಿಯವರಿಗೆ ಕೊಟ್ಟಿರುವ ನಿಜವಾದ ಬಂಡವಾಳ ಇದು.

ಆ ವೃತ್ತಿಯ ದೌರ್ಬಲ್ಯವೂ ಕಾದಂಬರಿಗಳಿಗೆ ಅಂಟಿಕೊಂಡಿದೆ. ದೂರದ ಓದುಗನಿಗೆ ಎಲ್ಲವನ್ನೂ ತಿಳಿಸಿಬಿಡಬೇಕೆಂಬ ಆತುರದಲ್ಲಿ ದೇಶೀ ಪದದ ಬೆನ್ನಿಗೇ ಅದರ ವಿವರಣೆ ಬರುತ್ತದೆ. ಪಾತ್ರಗಳು ತಮಗೆ ಗೊತ್ತಿರುವುದನ್ನೇ ಪರಸ್ಪರ ಹೇಳಿಕೊಳ್ಳುತ್ತವೆ. ಇದಕ್ಕಿಂತ ಗಂಭೀರವಾದ ತೊಡಕು ಭಾಷೆಯದು. ಮನೆಯಲ್ಲಿ ಗುಜರಾತಿ, ಹೊರಗೆ ಮರಾಠಿ ಮತ್ತು ಹಿಂದುಸ್ತಾನಿ, ದಸ್ತಾವೇಜಿನಲ್ಲಿ ಇಂಗ್ಲಿಷ್: ಪರ್ವೀನಳ ಲೋಕ ಬಹುಭಾಷಿಕ. ಆದರೆ ಎಲ್ಲರ ಮಾತೂ ಒಂದೇ ಹದದ ಇಂಗ್ಲಿಷಾಗಿ ನಮ್ಮನ್ನು ತಲುಪುತ್ತದೆ. ತಪ್ಪಾಗಿ ಕೇಳಿಸಿಕೊಂಡ ಪದ, ಎರಡು ಭಾಷೆಗಳಲ್ಲಿ ಎರಡು ಅರ್ಥ ಕೊಡುವ ಪದ ಇಲ್ಲಿ ವಿರಳ. ಸಹಿಯ ಬಗೆಗೆ ಅಷ್ಟು ಸಂಶಯ ತಾಳುವ ಕಾದಂಬರಿ ಅನುವಾದದ ಬಗೆಗೆ ಸಂಶಯವನ್ನೇ ತಾಳುವುದಿಲ್ಲ.

'ದ ಸಾತಾಪುರ್ ಮೂನ್‌ಸ್ಟೋನ್' (2019) ಇದನ್ನು ಇನ್ನಷ್ಟು ನಿಚ್ಚಳಗೊಳಿಸುತ್ತದೆ. ಮುಂಬಯಿಯ ಆಗ್ನೇಯಕ್ಕೆ, ಸಹ್ಯಾದ್ರಿಯಲ್ಲಿರುವ ಕಲ್ಪಿತ ಸಂಸ್ಥಾನ ಅದು. ಅರಸ ತೀರಿಕೊಂಡಿದ್ದಾನೆ, ಹಿರಿಯ ಮಗನೂ ಬೇಟೆಯಲ್ಲಿ ಸತ್ತಿದ್ದಾನೆ. ಬಾಲಕನಾದ ಉತ್ತರಾಧಿಕಾರಿಯ ಶಿಕ್ಷಣದ ಬಗ್ಗೆ ಅತ್ತೆಗೂ ಸೊಸೆಗೂ ವಿವಾದ. ಆಡಳಿತ ಬ್ರಿಟಿಷ್ ಏಜೆಂಟನ ಕೈಯಲ್ಲಿ. ಪರದೆಯೊಳಗಿನ ರಾಣಿಯರ ಮಾತನ್ನು ಸರ್ಕಾರಕ್ಕೆ ಮುಟ್ಟಿಸುವವಳು ಪರ್ವೀನ್. ಸೊರಾಬ್ಜಿ ಕೂಡ 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಇಂಥದೇ ಕೆಲಸ ಮಾಡಿದ್ದರು. ಆದರೆ ಅವರು ಸಾಮ್ರಾಜ್ಯನಿಷ್ಠರು, ಗಾಂಧೀಜಿಯ ಚಳವಳಿಯ ವಿರೋಧಿ. ಪರ್ವೀನಳಿಗೆ ಸ್ವಾತಂತ್ರ್ಯದ ಬಗ್ಗೆ ಸಹಾನುಭೂತಿಯನ್ನು ಕೊಟ್ಟು ಮ್ಯಾಸಿ ಅವಳನ್ನು ಇಂದಿನ ಓದುಗರಿಗೆ ಪ್ರಿಯಳಾಗಿಸಿದ್ದಾರೆ. ಇದರಿಂದ ಕಳೆದುಹೋದದ್ದೂ ಉಂಟು. ಸರ್ಕಾರದ ಅನ್ನವುಂಡೇ ಪರದೆಯ ಹೆಂಗಸರ ಪರ ನಿಂತ ಸೊರಾಬ್ಜಿಯವರ ವೈರುಧ್ಯ ಯಾವ ಪತ್ತೇದಾರಿ ಕಥೆಗಿಂತಲೂ ಕಠಿಣವಾದದ್ದು. ರಾಜಕುಮಾರ ಎಡ್ವರ್ಡ್ ಬಂದಿಳಿದ 1921ರ ನವೆಂಬರಿನ ಮುಂಬಯಿಯನ್ನು ಚಿತ್ರಿಸುವ 'ದ ಬಾಂಬೆ ಪ್ರಿನ್ಸ್' (2021) ಮಾತ್ರ ಇದಕ್ಕೆ ಸಮೀಪ ಬರುತ್ತದೆ. ಅಲ್ಲಿ ವಿದ್ಯಾರ್ಥಿನಿಯೊಬ್ಬಳ ಸಾವು ಪಾರ್ಸಿ ಸಮುದಾಯದ ರಾಜನಿಷ್ಠೆಯನ್ನೇ ಪ್ರಶ್ನೆಗೊಡ್ಡುತ್ತದೆ.

ಸಾತಾಪುರದಲ್ಲಿ ಕನ್ನಡವನ್ನು ಹುಡುಕುವುದು ಅನ್ಯಾಯವಾದೀತು. ಆ ಭೂಗೋಳ ಬೇರೆ. ಆದರೆ ಅದೇ ಮರಾಠಾ ಸಂಸ್ಥಾನಗಳ ಸಾಲಿನಲ್ಲಿ ಭೋಸಲೆಯವರ ಅಕ್ಕಲಕೋಟೆ, ಡಫಳೆಯವರ ಜತ್ತ ಇದ್ದವು. ಅಲ್ಲಿ ದರ್ಬಾರಿನ ಭಾಷೆ ಮರಾಠಿ, ಮೇಲಿನ ಪತ್ರವ್ಯವಹಾರ ಇಂಗ್ಲಿಷ್, ಅನೇಕ ಪ್ರಜೆಗಳ ಮನೆಮಾತು ಕನ್ನಡ. ಇಂಥ ಕಡೆ ಕನ್ನಡದ ಹೆಂಗಸಿನ ದೂರು ಸರ್ಕಾರದ ಕಡತ ಸೇರಬೇಕಾದರೆ ಎರಡು ಅನುವಾದಗಳನ್ನು ದಾಟಬೇಕಿತ್ತು. ಪ್ರತಿ ದಾಟುವಿಕೆಯಲ್ಲೂ ಏನೋ ಒಂದಿಷ್ಟು ಸೋರಿಹೋಗುವುದು, ಏನೋ ಒಂದಿಷ್ಟು ಸೇರಿಕೊಳ್ಳುವುದು ದ್ವಿಭಾಷಿಕರಾದ ನಮಗೆ ದಿನನಿತ್ಯದ ಅನುಭವ.

ಮ್ಯಾಸಿಯವರ ಕಾದಂಬರಿಗಳನ್ನು ಗಡಿನಾಡಿನಿಂದ ಓದುವುದರ ಪ್ರಯೋಜನ ಇಲ್ಲಿದೆ. ಅವರು ಎತ್ತಿದ ಪ್ರಶ್ನೆ ಸರಿಯಾದದ್ದು. ಅದನ್ನು ಸಹಿಯ ಬಳಿಯೇ ನಿಲ್ಲಿಸಿದ್ದು ಅವರ ಮಿತಿ. ಸಂಸ್ಥಾನಗಳ ಕಾಗದಪತ್ರಗಳಲ್ಲಿ ಕತ್ತರಿ ಗುರುತೋ ಹೆಬ್ಬೆಟ್ಟಿನ ಗುರುತೋ ಕಂಡಾಗ, ಕೆಳಗೆ ಅದನ್ನು ಹಾಕಿದವರು ಯಾರು ಎಂಬುದರ ಜೊತೆಗೆ, ಮೇಲಿನದನ್ನು ಯಾವ ಭಾಷೆಯಲ್ಲಿ ಓದಿಹೇಳಲಾಯಿತು ಎಂದೂ ನಾವು ಕೇಳಬೇಕು.