ಸಾಂದ್ರತೆ ಸರಿ, ಸೇವನೆ ಎಷ್ಟು?

ಸಾಕುಪ್ರಾಣಿಗಳು ಕುಡಿಯುವ ನೀರಿಗೆ ವಿಟಮಿನ್, ಖನಿಜಗಳನ್ನು ತಾನಾಗಿಯೇ ಬೆರೆಸುವ ಉಪಕರಣಗಳಿವೆ. 'ನಿಖರ ಪ್ರಮಾಣ' ಎಂಬುದು ಅವುಗಳ ಹೆಗ್ಗಳಿಕೆ. ಯಾವುದರ ಪ್ರಮಾಣ? ಪಂಪು ನಿಯಂತ್ರಿಸುವುದು ನೀರಿನ ಸಾಂದ್ರತೆಯನ್ನು ಮಾತ್ರ. ಪ್ರಾಣಿಗೆ ಸೇರುವ ಪ್ರಮಾಣವು ಸಾಂದ್ರತೆ ಹಾಗೂ ಕುಡಿದ ನೀರಿನ ಗಾತ್ರಗಳ ಗುಣಲಬ್ಧ.

ಲೀಟರಿಗೆ 100 ಮಿಲಿಗ್ರಾಂ ಬೆರೆಸಿದೆ ಎನ್ನಿ. 10 ಕಿಲೋಗ್ರಾಂ ತೂಕದ ನಾಯಿ ಒಣ ಆಹಾರ ತಿಂದು ದಿನಕ್ಕೆ 500 ಮಿಲಿಲೀಟರ್ ಕುಡಿದರೆ 50 ಮಿಲಿಗ್ರಾಂ ಸಿಗುತ್ತದೆ. ನೀರಿನಂಶ ಹೆಚ್ಚಿರುವ ಆಹಾರ ತಿಂದು 200 ಮಿಲಿಲೀಟರ್ ಕುಡಿದರೆ 20. ಬೇಸಿಗೆಯಲ್ಲಿ ಒಂದು ಲೀಟರ್ ಕುಡಿದರೆ 100. ಉಪಕರಣ ತಪ್ಪದಿದ್ದರೂ ಐದು ಪಟ್ಟು ವ್ಯತ್ಯಾಸ! ಬಟ್ಟಲಿನ ನೀರು ಆವಿಯಾದಾಗ ಖನಿಜ ಉಳಿಯುತ್ತದೆ. ಬೆರೆಸಿದ ನೀರನ್ನೇ ಮತ್ತೆ ತುಂಬಿದರೆ ಸಾಂದ್ರತೆಯೂ ಏರುತ್ತದೆ.

ಕೋಳಿ ಫಾರಂಗಳಲ್ಲಿ ಈ ವಿಧಾನ ರೂಢಿಯಲ್ಲಿದೆ, ನಿಜ. ಅಲ್ಲಿ ಲೆಕ್ಕ ಸಾವಿರಾರು ಹಕ್ಕಿಗಳ ಸರಾಸರಿಯದು. ಮನೆಯ ಒಂದೇ ನಾಯಿಗೆ ಸರಾಸರಿಯ ಆಸರೆಯಿಲ್ಲ.

ಪೂರೈಕೆ ನಿಜಕ್ಕೂ ಬೇಕಾದ ಪ್ರಾಣಿಯನ್ನೇ ನೋಡಿ. ಗಿನಿಪಿಗ್‌ನ ದೇಹ ವಿಟಮಿನ್ ಸಿ ತಯಾರಿಸಲಾರದು. ಆದರೆ ನೀರಿನಲ್ಲಿ ಕರಗಿದ ಈ ವಿಟಮಿನ್ ಬೆಳಕು, ತಾಮ್ರದ ಅಂಶಗಳಿಂದ ಬೇಗ ಕೆಡುತ್ತದೆ. ನಾಯಿ, ಬೆಕ್ಕುಗಳು ಅದನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸುತ್ತವೆ. ವಿಟಮಿನ್ ಡಿ ಅತಿಯಾದರಂತೂ ನಾಯಿಯ ಮೂತ್ರಪಿಂಡಗಳಿಗೆ ಹಾನಿ.

ಕೊರತೆಯಿದೆಯೇ ಎಂಬುದನ್ನು ಪಶುವೈದ್ಯರು ಹೇಳಲಿ. ಅಗತ್ಯವಿದ್ದರೆ ತೂಕಕ್ಕೆ ತಕ್ಕಷ್ಟನ್ನು ಅಳೆದು ಆಹಾರದೊಡನೆ ಕೊಡಬಹುದು. ಬಟ್ಟಲಿನಲ್ಲಿ ಬರಿಯ ಶುದ್ಧ ನೀರಿರಲಿ. ಶಿಕ್ಷಕರೇ, ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. ಯಾವುದೇ ಉಪಕರಣ 'ನಿಖರ' ಎಂದಾಗ, ಅದು ಅಳೆಯುತ್ತಿರುವುದು ನಮಗೆ ಬೇಕಾದ ರಾಶಿಯನ್ನೇ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಲಿ.