ಆಟದ ಚಿತ್ರೀಕರಣದಲ್ಲಿ ಔಚಿತ್ಯ

ವಿಡಿಯೊ ಆಟವೊಂದನ್ನು ಆದ್ಯಂತವಾಗಿ ಆಡಿ, ಅದರ ದೃಶ್ಯಗಳನ್ನು ದಾಖಲಿಸಿ, ಚಲನಚಿತ್ರದಂತೆ ಸಂಕಲಿಸಿ ನೋಡುಗರ ಮುಂದಿಡುವ ಕೆಲಸ ಇಂದು ಒಂದು ಕಲೆಯಾಗಿಯೇ ಬೆಳೆದಿದೆ. ಆಟದೊಳಗೆ ಚಿತ್ರ ತೆಗೆಯುವುದು ಹೊಸತಲ್ಲ. 1996ರಲ್ಲಿಯೇ ‘ಕ್ವೇಕ್’ ಆಟವನ್ನು ಬಳಸಿ ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಕಿರುಚಿತ್ರ ಸಿದ್ಧವಾಗಿತ್ತು. ಆದರೆ ಅಲ್ಲಿ ಆಟವು ಕೇವಲ ರಂಗಸ್ಥಳ, ಕಥೆ ಬೇರೆ. ಇಲ್ಲಿಯಾದರೋ ಆಟದ ಕಥೆಯೇ ಚಿತ್ರದ ಕಥೆ. ಆದುದರಿಂದ ಈ ಚಿತ್ರಕಾರನನ್ನು ಕವಿಯೆನ್ನುವುದಕ್ಕಿಂತ ವ್ಯಾಖ್ಯಾನಕಾರನೆನ್ನುವುದು ಲೇಸು. ವ್ಯಾಖ್ಯಾನಕಾರನಿಗೆ ಮೂಲದ ಋಣವುಂಟು.

ಫುಮಿಟೊ ಉಯೆದಾ ಅವರ ನಿರ್ದೇಶನದಲ್ಲಿ 2005ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಹೊರಬಂದ ಜಪಾನಿನ ಆಟ ‘ಶ್ಯಾಡೊ ಆಫ್ ದಿ ಕೊಲೊಸಸ್’ ಇದಕ್ಕೆ ತಕ್ಕ ನಿದರ್ಶನ. ಮೃತಳಾದ ತರುಣಿಯೊಬ್ಬಳನ್ನು ಬದುಕಿಸಲೆಂದು ತರುಣನೊಬ್ಬನು 16 ಮಹಾಕಾಯರನ್ನು ಕೊಲ್ಲಬೇಕು. ಅವರ ನಡುವೆ ಹಾದಿಗಡ್ಡವಾಗುವ ಕ್ಷುದ್ರ ಶತ್ರುಗಳಿಲ್ಲ. ಇರುವುದು ವಿಶಾಲವಾದ ನಿರ್ಜನ ಭೂಮಿ, ಗಾಳಿ, ಕುದುರೆಯ ಗೊರಸಿನ ಸದ್ದು. ಮಹಾಕಾಯನು ಉರುಳಿದಾಗ ಕೇಳುವುದು ಜಯಘೋಷವಲ್ಲ, ಶೋಕದ ಸಂಗೀತ.

ಸಂಕಲನಕಾರನು ಇಲ್ಲಿ ಮಾಡುವುದೇನು? ಪರದೆಯ ಮೇಲಿನ ಸೂಚಕಗಳನ್ನು ಮರೆಸುತ್ತಾನೆ. ನೋಟದ ಕೋನವನ್ನು ನಿಧಾನವಾಗಿ ತಿರುಗಿಸುತ್ತಾನೆ. ಇವೆರಡೂ ಸಾಧುವೇ. ನಾಯಕನ ಹಿಡಿತದ ಬಲವನ್ನು ತೋರಿಸುವ ವೃತ್ತವಿಲ್ಲದಿದ್ದರೂ, ಮಹಾಕಾಯನ ರೋಮಕ್ಕೆ ಜೋತುಬಿದ್ದು ಓಲಾಡುವ ಅವನ ದೇಹವೇ ಆಯಾಸವನ್ನು ಹೇಳಬಲ್ಲುದು. ಅನಂತರ ಅವನು ಜಾರಿ ಬಿದ್ದ ಪ್ರಯತ್ನಗಳನ್ನೆಲ್ಲ ಕತ್ತರಿಸುತ್ತಾನೆ. ಹತ್ತು ಸಲ ಬಿದ್ದುದನ್ನು ಹತ್ತು ಸಲವೂ ತೋರಿಸಬೇಕಾಗಿಲ್ಲ, ನಿಜ. ಒಮ್ಮೆಯೂ ಬೀಳದ ನಾಯಕನಾದರೋ ಬರಿಯ ಗೊಂಬೆ. ಕೊನೆಗೆ, ಬೇಸರವಾದೀತೆಂಬ ಭಯದಿಂದ, ದೀರ್ಘವಾದ ಕುದುರೆಸವಾರಿಯನ್ನೂ ತೆಗೆದುಹಾಕುತ್ತಾನೆ. ಇದು ಅಕ್ಷಮ್ಯ. ಖರ್ಚಿನ ಬದಿಯನ್ನು ಹರಿದು ಜಮೆಯನ್ನಷ್ಟೇ ತೋರಿಸುವ ಲೆಕ್ಕಪುಸ್ತಕದಂತೆ ಆ ಚಿತ್ರ ಸುಂದರವಾಗಿ ಸುಳ್ಳಾಗುತ್ತದೆ. ಏಕೆಂದರೆ ಆ ನೀರವ ಪ್ರಯಾಣದಲ್ಲಿಯೇ ಆಟಗಾರನಿಗೆ ತಾನು ಕೊಂದುದರ ಭಾರ ಅರಿವಾಗುವುದು. ಅದನ್ನು ಕಳೆದರೆ ಉಳಿಯುವುದು ವೀರ. ಮೂಲದ ಪ್ರಾಣವಾದ ಕರುಣವಲ್ಲ.

2018ರ ಮರುನಿರ್ಮಾಣವು ಛಾಯಾಗ್ರಹಣದ ಸೌಕರ್ಯವನ್ನೂ ಒದಗಿಸಿ ಚಿತ್ರಕಾರನ ಕೈಯನ್ನು ಬಲಪಡಿಸಿದೆ. ಸಾಧನ ಹೆಚ್ಚಿದಷ್ಟೂ ವಿವೇಕ ಹೆಚ್ಚಬೇಕು. ಔಚಿತ್ಯವೇ ರಸದ ಜೀವಿತವೆಂದ ಕ್ಷೇಮೇಂದ್ರನ ಮಾತು ಈ ನೂತನ ಕಲೆಗೂ ಸಲ್ಲುತ್ತದೆ. ನಯಗೊಳಿಸುವುದು ತಪ್ಪಲ್ಲ, ಆದರೆ ಯಾವುದನ್ನು ಒರಟಾಗಿಯೇ ಉಳಿಸಬೇಕೆಂಬುದನ್ನು ಬಲ್ಲವನೇ ನಿಜವಾದ ಸಂಕಲನಕಾರ.